ನರ್ಸ್ ಬೇಕು ಅಂತಾರೆ, ಬಾಗಿಲು ಮಾತ್ರ ಎರಡಿದೆ

ನರ್ಸ್‌ಗಳು ಸಾಲ್ತಿಲ್ಲ ಸಾಲ್ತಿಲ್ಲ ಅಂತ ಅಮೆರಿಕ, ಜರ್ಮನಿ, ಆಸ್ಟ್ರೇಲಿಯಾ ಎಲ್ಲಾ ಕಡೆ ವರ್ಷಗಳಿಂದ ಹೇಳ್ತಾನೇ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಕೊಟ್ಟ ವರದಿ ಪ್ರಕಾರ ಇಡೀ ಪ್ರಪಂಚಕ್ಕೆ 58 ಲಕ್ಷ ನರ್ಸ್‌ಗಳ ಕೊರತೆ ಇದೆ, ಶ್ರೀಮಂತ ದೇಶಗಳಲ್ಲಿ ಈಗ ಕೆಲಸ ಮಾಡ್ತಿರೋ ನರ್ಸ್‌ಗಳಲ್ಲಿ ಶೇ 23ರಷ್ಟು ಜನ ಬೇರೆ ದೇಶದಲ್ಲಿ ಹುಟ್ಟಿದೋರು. ಅಂದ್ರೆ ಹೊರಗಿನೋರು ಇಲ್ದೆ ಅಲ್ಲಿನ ಆಸ್ಪತ್ರೆ ನಡೆಯಲ್ಲ ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷ್ಯಾನೇ. ಹೀಗಿದ್ರೂ ಹೊರಗಡೆ ಓದಿದ ನರ್ಸ್ ಒಬ್ಬರು ನಾನು ಬರ್ತೀನಿ ಅಂತ ಎದ್ದು ನಿಂತ್ರೆ ಅಲ್ಲಿನ ವಾರ್ಡ್ ಒಳಗೆ ಕಾಲಿಡೋಕೆ ಎರಡು ವರ್ಷ, ಐದು ವರ್ಷ, ಕೆಲವರಿಗೆ ಹತ್ತು ವರ್ಷಾನೂ ಹಿಡಿಯುತ್ತೆ.

ನನ್ನ ಫ್ರೆಂಡ್ ಒಬ್ಬಳು ಐಸಿಯು ನರ್ಸ್. ಅವಳ ಹತ್ರ ಒಂದು ದಪ್ಪ ಫೈಲ್ ಇದೆ, ತೆಗೆದ್ರೆ ಮೊದಲು ಸಿಗೋದು ಸರ್ಟಿಫಿಕೇಟ್ ಅಲ್ಲ, ಕೈಯಲ್ಲಿ ಗೆರೆ ಹಾಕಿ ಬರ್ಕೊಂಡಿರೋ ಒಂದು ಹಾಳೆ. ಎಡಗಡೆ ಡಾಕ್ಯುಮೆಂಟ್ ಹೆಸರು, ಬಲಗಡೆ ಅದು ಎಕ್ಸ್‌ಪೈರ್ ಆಗೋ ತಾರೀಖು. ಪಾಸ್‌ಪೋರ್ಟ್, ಇಂಗ್ಲಿಷ್ ಟೆಸ್ಟ್, ವೀಸಾಸ್ಕ್ರೀನ್ (ಅಮೆರಿಕದ ವೀಸಾಗೆ ಬೇಕಾದ ಸರ್ಟಿಫಿಕೇಟ್), ಪೊಲೀಸ್ ಕ್ಲಿಯರೆನ್ಸ್, ಹೀಗೆ. ವಾರ್ಡಲ್ಲಿ ಎಮರ್ಜೆನ್ಸಿ ಟ್ರಾಲಿಯ ಔಷಧಿ ಡೇಟ್ ಚೆಕ್ ಮಾಡೋ ಥರಾನೇ ತಿಂಗಳಿಗೊಂದ್ಸಲ ಈ ಹಾಳೆ ನೋಡ್ತಾಳೆ. ನನಗೆ ಈ ಇಡೀ ಸಮಸ್ಯೆ ಅರ್ಥ ಆಗಿದ್ದು ಆ ಹಾಳೆ ನೋಡಿದ್ಮೇಲೆ.

ಜನ ಸಾಮಾನ್ಯವಾಗಿ ಏನು ಅಂದ್ಕೋತಾರೆ ಅಂದ್ರೆ ಪರೀಕ್ಷೆ ಕಷ್ಟ, ಪಾಸಾದ್ರೆ ಮುಗೀತು, ವಿಮಾನ ಹತ್ತೋದೇ ಅಂತ. ಹಾಗಲ್ಲ. ಇಲ್ಲಿ ಎರಡು ಬಾಗಿಲಿವೆ. ಒಂದು ಲೈಸೆನ್ಸ್, ಅಂದ್ರೆ ಈಕೆ ರೋಗಿನ ಮುಟ್ಟೋಕೆ ಯೋಗ್ಯಳಾ ಅಂತ ನರ್ಸಿಂಗ್ ಕೌನ್ಸಿಲ್ಲೋ ಬೋರ್ಡೋ ನೋಡೋದು. ಇನ್ನೊಂದು ವೀಸಾ, ಅಂದ್ರೆ ಈಕೆನ ದೇಶದೊಳಗೆ ಬಿಡಬಹುದಾ ಅಂತ ವಲಸೆ ಇಲಾಖೆ ನೋಡೋದು. ಈ ಎರಡು ಕಡೆಯೋರೂ ಒಬ್ಬರಿಗೊಬ್ಬರು ಕೇಳ್ಕೊಂಡು ಕೆಲಸ ಮಾಡಲ್ಲ, ಒಂದರ ವೇಗ ಇನ್ನೊಂದಕ್ಕೆ ಹೊಂದಲ್ಲ, ಒಂದು ಕಡೆ ಕಾಯ್ತಾ ಇದ್ದಾಗ ಇನ್ನೊಂದು ಕಡೆ ಸಂಪಾದಿಸಿದ್ದು ಹಳಸಿ ಹೋಗುತ್ತೆ. ಈ ಕಾಯೋದರ ಖರ್ಚು ಯಾರ ತಲೆ ಮೇಲೆ ಬೀಳುತ್ತೆ ಅನ್ನೋದೇ ಅಸಲಿ ಪ್ರಶ್ನೆ ಅಂತ ನನ್ನ ಲೆಕ್ಕ. ಪರೀಕ್ಷೆಯ ಕಷ್ಟ ಅದರ ಮುಂದೆ ಏನೂ ಅಲ್ಲ.

ಮೊದಲು ಲೈಸೆನ್ಸ್ ಕಡೆ ನೋಡೋಣ. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ನರ್ಸಿಂಗ್ ಲೈಸೆನ್ಸ್ ಅಂತ ಇಲ್ಲ, ಪ್ರತಿ ರಾಜ್ಯಕ್ಕೂ ತನ್ನದೇ ಬೋರ್ಡ್. ಹೊರಗಡೆ ಓದಿದೋರು ಮೊದಲು ತಮ್ಮ ಓದು ಅಲ್ಲಿನ ಓದಿಗೆ ಸಮ ಅಂತ ತೋರಿಸ್ಬೇಕು, ಬಹಳಷ್ಟು ರಾಜ್ಯಗಳು ಇದಕ್ಕೆ ಸಿಜಿಎಫ್‌ಎನ್‌ಎಸ್ ಅನ್ನೋ ಸಂಸ್ಥೆಯ ರಿಪೋರ್ಟ್ ಕೇಳ್ತವೆ (1977ರಲ್ಲಿ ಶುರುವಾಗಿದ್ದು, ಈಗ ಹೆಸರು ಬದಲಾಯಿಸ್ಕೊಂಡು ಟ್ರೂಮೆರಿಟ್ ಆಗಿದೆ). ಮಕ್ಕಳ ವಿಭಾಗದಲ್ಲಿ ಎಷ್ಟು ಗಂಟೆ ಥಿಯರಿ, ಎಷ್ಟು ಗಂಟೆ ಕ್ಲಿನಿಕಲ್, ಹೆರಿಗೆಯಲ್ಲಿ ಎಷ್ಟು, ಮನೋರೋಗದಲ್ಲಿ ಎಷ್ಟು, ಎಲ್ಲಾ ಬೇರೆ ಬೇರೆ ಬರೆದು ಕಾಲೇಜೇ ನೇರವಾಗಿ ಕಳಿಸ್ಬೇಕು, ನೀವು ಕೈಯಾರೆ ಕೊಡೋ ಹಾಗಿಲ್ಲ. ಹದಿನೈದು ವರ್ಷದ ಹಿಂದೆ ಓದಿದ ಕಾಲೇಜು ಮುಚ್ಚಿ ಹೋಗಿದ್ರೆ? ರಿಜಿಸ್ಟರ್ ಸಿಗ್ಲಿಲ್ಲ ಅಂದ್ರೆ? ಒಂದು ಕಡೆ ಅಪ್ಪನ ಹೆಸರಿನ ಇನಿಶಿಯಲ್, ಇನ್ನೊಂದು ಕಡೆ ಮದುವೆ ಆದ್ಮೇಲಿನ ಹೆಸರು ಇದ್ರೆ? ಇಲ್ಲೇ ಆರು ತಿಂಗಳು ಕಳೆದೋರು ಎಷ್ಟೋ ಜನ.

ಕ್ಯಾಲಿಫೋರ್ನಿಯಾದ ಒಂದು ನಿಯಮ ಅಂತೂ ಕೇಳಿದ್ರೆ ತಲೆ ಕೆಡುತ್ತೆ. ಒಂದು ವಿಷಯದ ಥಿಯರಿ ಪಾಠ ಮತ್ತು ಅದೇ ವಿಷಯದ ಕ್ಲಿನಿಕಲ್ ಡ್ಯೂಟಿ ಒಂದೇ ಅವಧಿಯಲ್ಲಿ ಜೊತೆಜೊತೆಗೆ ನಡೆದಿರ್ಬೇಕು, ಮೊದಲು ಕ್ಲಾಸಲ್ಲಿ ಕಲಿತು ಮುಂದಿನ ವರ್ಷ ವಾರ್ಡಿಗೆ ಹೋಗಿದ್ರೆ ಒಪ್ಪಲ್ಲ. ಇದರಿಂದ ಫಿಲಿಪೀನ್ಸ್‌ನಲ್ಲಿ ಓದಿದ ಎಷ್ಟೋ ನರ್ಸ್‌ಗಳು, ಅದೂ ಅನುಭವ ಇದ್ದೋರೇ, ಮತ್ತೆ ಕೋರ್ಸ್ ಮಾಡಿ ಅನ್ನಿಸ್ಕೊಂಡಿದ್ದಾರೆ. ಜೊತೆಗೆ ಅಲ್ಲಿ ಅರ್ಜಿ ಹಾಕೋಕೆ ಸೋಶಿಯಲ್ ಸೆಕ್ಯುರಿಟಿ ನಂಬರ್ರೋ ಅಲ್ಲಿನ ಟ್ಯಾಕ್ಸ್ ನಂಬರ್ರೋ ಬೇಕು, ದೇಶದೊಳಗೇ ಹೋಗದ ಮನುಷ್ಯಂಗೆ ಅದು ಎಲ್ಲಿಂದ ಬರ್ಬೇಕು ಹೇಳಿ. ಅದಕ್ಕೇ ಹೊರಗಿನಿಂದ ಅರ್ಜಿ ಹಾಕೋರು ಆ ನಂಬರ್ ಕೇಳದ ನ್ಯೂಯಾರ್ಕ್ ಥರದ ರಾಜ್ಯ ಆರಿಸ್ಕೋತಾರೆ, ಕೆಲಸ ಸಿಗೋದು ಇನ್ನೆಲ್ಲೋ, ಆಮೇಲೆ ಲೈಸೆನ್ಸ್ ಅಲ್ಲಿಗೆ ವರ್ಗಾಯಿಸ್ಕೋಬೇಕು.

ಆಮೇಲೆ ಎನ್‌ಕ್ಲೆಕ್ಸ್, ಅಂದ್ರೆ ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ. ಕಂಪ್ಯೂಟರ್ ಮುಂದೆ ಐದು ಗಂಟೆ, ಕಡಿಮೆ ಅಂದ್ರೆ 85 ಪ್ರಶ್ನೆ, ಜಾಸ್ತಿ ಅಂದ್ರೆ 150. ನೀವು ಸರಿ ಉತ್ತರ ಕೊಟ್ರೆ ಮುಂದಿನದು ಕಷ್ಟ ಆಗುತ್ತೆ, ತಪ್ಪಾದ್ರೆ ಸುಲಭ ಆಗುತ್ತೆ, ನಿಮ್ಮ ಮಟ್ಟ ಇದು ಅಂತ ಕಂಪ್ಯೂಟರ್‌ಗೆ ಶೇ 95ರಷ್ಟು ಖಾತ್ರಿ ಆದ ಕ್ಷಣ ಸ್ಕ್ರೀನ್ ನಿಂತುಹೋಗುತ್ತೆ. 85ಕ್ಕೆ ನಿಂತ್ರೆ ಪಾಸೋ ಫೇಲೋ ಗೊತ್ತಾಗಲ್ಲ, ಎರಡೂ ಆಗಿರಬಹುದು, ಹೊರಗೆ ಬಂದೋರ ಮುಖ ನೋಡಿದ್ರೆ ಗೊತ್ತಾಗುತ್ತೆ ಆ ಸಂಕಟ. 2023ರ ಏಪ್ರಿಲ್‌ನಿಂದ ಹೊಸ ಮಾದರಿ ಬಂದಿದೆ, ಒಬ್ಬ ರೋಗಿಯ ಚಾರ್ಟ್, ಲ್ಯಾಬ್ ರಿಪೋರ್ಟ್, ನರ್ಸ್ ನೋಟ್ಸ್ ಎಲ್ಲಾ ಕೊಟ್ಟು ಇದರಲ್ಲಿ ನಿನಗೆ ಯಾವುದು ಆತಂಕದ್ದು ಅನ್ಸುತ್ತೆ, ಮೊದಲು ಏನು ಮಾಡ್ತೀಯ ಅಂತ ಸಾಲಾಗಿ ಆರು ಪ್ರಶ್ನೆ ಕೇಳ್ತಾರೆ. ನನಗೆ ಇದು ಒಳ್ಳೇ ಪರೀಕ್ಷೆನೇ ಅನ್ಸುತ್ತೆ, ಬಾಯಿಪಾಠ ನಡೆಯಲ್ಲ. ಫೀಸು 200 ಡಾಲರ್, ಅಮೆರಿಕದ ಹೊರಗೆ ಬರೆದ್ರೆ ಮೇಲೆ ಇನ್ನೂ 150, ಫೇಲಾದ್ರೆ ಕಡಿಮೆ ಅಂದ್ರೂ 45 ದಿನ ಕಾದು ಮತ್ತೆ ಬರೀಬೇಕು. ಡಾಕ್ಟರ್ ಹೇಳಿದ್ದಷ್ಟು ಮಾಡೋದೇ ನರ್ಸಿಂಗ್ ಅನ್ನೋ ವಾತಾವರಣದಲ್ಲಿ ಬೆಳೆದೋರಿಗೆ, ಡಾಕ್ಟರಿಗೆ ಫೋನ್ ಮಾಡೋಕೆ ಮುಂಚೆ ನೀನೇನು ಮಾಡ್ತೀಯ ಅನ್ನೋ ಪ್ರಶ್ನೆ ಬಂದಾಗ ಕೈ ನಡುಗೋದು ಸಹಜ.

ಸರಿ, ಇದೂ ಆಯ್ತು ಅನ್ಕೊಳ್ಳಿ. ಈಗ ಎರಡನೇ ಬಾಗಿಲು. ಕೇಳೋಕೆ ತಮಾಷೆಯಾಗಿದೆ, ನರ್ಸ್‌ಗಳ ಕೊರತೆ ಇದೆ ಅಂತ ಅಮೆರಿಕ ಸರ್ಕಾರವೇ ಬರೆದುಕೊಟ್ಟಿದೆ. ಅಲ್ಲಿನ ಕಾರ್ಮಿಕ ಇಲಾಖೆಯಲ್ಲಿ ಶೆಡ್ಯೂಲ್ ಎ ಅಂತ ಒಂದು ಪಟ್ಟಿ, ಅದರ ಮೊದಲ ಗುಂಪಲ್ಲಿ ಇರೋದು ಎರಡೇ ವೃತ್ತಿ, ಒಂದು ರಿಜಿಸ್ಟರ್ಡ್ ನರ್ಸ್, ಇನ್ನೊಂದು ಫಿಸಿಕಲ್ ಥೆರಪಿಸ್ಟ್. ಬೇರೆ ಕೆಲಸಗಳಿಗೆ ಆಗಿದ್ರೆ ಕಂಪನಿಯೋರು ಜಾಹೀರಾತು ಹಾಕಿ, ಅಮೆರಿಕದೋರು ಯಾರೂ ಸಿಗ್ಲಿಲ್ಲ ಅಂತ ಮೊದಲು ಸಾಬೀತು ಮಾಡ್ಬೇಕು, ನರ್ಸ್‌ಗಳಿಗೆ ಅದು ಬೇಡ, ನೇರವಾಗಿ ಐ-140 (ಕೆಲಸ ಕೊಡೋರು ಹಾಕೋ ವಲಸೆ ಅರ್ಜಿ) ಹಾಕಬಹುದು. ಓ ಎಷ್ಟು ಸುಲಭ ಅನ್ಸುತ್ತಲ್ವಾ? ಆದ್ರೆ ಆ ಅರ್ಜಿ ಹೋಗಿ ಬೀಳೋದು ಇಬಿ-3 ಅನ್ನೋ ಕೆಟಗರಿಯ ಸಾಲಿಗೆ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಕೊಡೋ ಗ್ರೀನ್ ಕಾರ್ಡ್ ಸುಮಾರು 1,40,000, ಅದರಲ್ಲಿ ಇಬಿ-3 ಪಾಲು ಶೇ 28.6, ಹತ್ತತ್ರ 40,000. ಇದು ನರ್ಸ್‌ಗಳಿಗೆ ಅಂತ ಮೀಸಲಿಟ್ಟಿದ್ದಲ್ಲ, ಅಕೌಂಟೆಂಟು, ಸಾಫ್ಟ್‌ವೇರಿನೋರು, ಬೇರೆ ಬೇರೆ ಕೆಲಸಗಾರರು ಎಲ್ಲಾ ಅದೇ ಸಾಲಲ್ಲಿ, ಸಾಲದ್ದಕ್ಕೆ ಜೊತೆಗೆ ಬರೋ ಗಂಡ, ಹೆಂಡ್ತಿ, ಮಕ್ಕಳನ್ನೂ ಇದೇ ಸಂಖ್ಯೆಯೊಳಗೆ ಎಣಿಸ್ತಾರೆ. ಇದು 1990ರ ಕಾನೂನಲ್ಲಿ ಬರೆದ ಲೆಕ್ಕ, ಅಲ್ಲಿಂದ ಇಲ್ಲಿವರೆಗೆ ಆಸ್ಪತ್ರೆಗಳು ಎಷ್ಟು ಬೆಳೆದಿವೆ, ಮುದುಕರು ಎಷ್ಟು ಜಾಸ್ತಿ ಆಗಿದ್ದಾರೆ, ಆ ಲೆಕ್ಕ ಮಾತ್ರ ಹಾಗೇ ಕೂತಿದೆ.

ಅದರ ಮೇಲೆ ಒಂದೊಂದು ದೇಶಕ್ಕೆ ಶೇ 7ರ ಮಿತಿ. ದೇಶ ಅಂದ್ರೆ ಪಾಸ್‌ಪೋರ್ಟ್ ಯಾವ ದೇಶದ್ದು ಅಂತಲ್ಲ, ಎಲ್ಲಿ ಹುಟ್ಟಿದ್ದು ಅಂತ. ಭಾರತದಲ್ಲಿ ಹುಟ್ಟಿದೋರ ಇಬಿ-3 ಸಾಲು ಹತ್ತು ವರ್ಷಕ್ಕೂ ಹಿಂದೆ ಬಿದ್ದಿದೆ. ನೀವು ಆಮೇಲೆ ಕೆನಡಾ ಪೌರತ್ವ ತಗೊಂಡ್ರೂ ಸಾಲು ಬದಲಾಗಲ್ಲ, ಆದ್ರೆ ಗಂಡನೋ ಹೆಂಡ್ತಿಯೋ ಬೇರೆ ದೇಶದಲ್ಲಿ ಹುಟ್ಟಿದ್ರೆ ಅವರ ಸಾಲಲ್ಲಿ ನಿಲ್ಲಬಹುದು. ಹೀಗಾಗಿ ಒಂದೇ ಐಸಿಯುನಲ್ಲಿ ಒಂದೇ ಶಿಫ್ಟ್ ಮಾಡೋ ಇಬ್ಬರು ಒಂದೇ ದಿನ ಅರ್ಜಿ ಹಾಕಿದ್ರೂ ಒಬ್ಬಳು ಎಷ್ಟೋ ವರ್ಷ ಮುಂಚೆ ಹೊರಡ್ತಾಳೆ, ಇನ್ನೊಬ್ಬಳು ತಿಂಗಳು ತಿಂಗಳು ವೀಸಾ ಬುಲೆಟಿನ್, ಅಂದ್ರೆ ಯಾವ ತಾರೀಖಿನವರ ಸರದಿ ಬಂತು ಅಂತ ಅಮೆರಿಕ ಸರ್ಕಾರ ಹಾಕೋ ಪಟ್ಟಿ, ನೋಡ್ತಾ ಕೂತಿರ್ತಾಳೆ. ಈ ಬುಲೆಟಿನ್ ಮುಂದೆ ಮಾತ್ರ ಹೋಗೋದಲ್ಲ, ಹಿಂದಕ್ಕೂ ಹೋಗುತ್ತೆ, ಅದಕ್ಕೆ ರೆಟ್ರೋಗ್ರೆಶನ್ ಅಂತಾರೆ, ನಾಳೆ ನಿನ್ನ ಸರದಿ ಅಂತ ಹೇಳಿ ನಾಡಿದ್ದು ಇಲ್ಲ ಇನ್ನೊಂದು ವರ್ಷ ಅಂದ ಹಾಗೆ. 2024ರ ಸೆಪ್ಟೆಂಬರ್ ಹೊತ್ತಿಗೆ ಆ ವರ್ಷದ ಇಬಿ-3 ಕೋಟಾನೇ ಮುಗೀತು, ಅಕ್ಟೋಬರ್ 1ಕ್ಕೆ ಹೊಸ ವರ್ಷದ ಲೆಕ್ಕ ಶುರುವಾಗೋವರೆಗೂ ಎಲ್ಲಾ ದೇಶದೋರಿಗೂ ಬಾಗಿಲು ಬಂದ್.

ಎಚ್-1ಬಿ ಅನ್ನೋ ತಾತ್ಕಾಲಿಕ ಕೆಲಸದ ವೀಸಾ ಇದೆಯಲ್ಲಾ ಅಂತ ಕೇಳೋರಿಗೆ: ಅಮೆರಿಕದಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಓದಿ ಕೂಡ ರಿಜಿಸ್ಟರ್ಡ್ ನರ್ಸ್ ಆಗಬಹುದು, ಹಾಗಾಗಿ ಬ್ಯಾಚುಲರ್ ಡಿಗ್ರಿ ಕಡ್ಡಾಯ ಇರೋ ಕೆಲಸ ಇದಲ್ಲ ಅಂತ ಸಾಮಾನ್ಯ ವಾರ್ಡ್ ನರ್ಸ್ ಹುದ್ದೆಗೆ ಎಚ್-1ಬಿ ಸಿಗೋದು ಕಷ್ಟ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಅಂತ ಆದೇಶ ಬಂದ್ಮೇಲಂತೂ ಆ ಮಾತೇ ಬೇಡ. ನರ್ಸ್‌ಗಳಿಗೆ ಅಂತಾನೇ ಇದ್ದ ಎಚ್-1ಎ, ಆಮೇಲೆ ಬಂದ ಎಚ್-1ಸಿ ಎರಡೂ ಯಾವತ್ತೋ ಮುಗಿದು ಹೋದವು.

ಈಗ ಆ ಫೈಲಿನ ಹಾಳೆಗೆ ಬನ್ನಿ. ಐಇಎಲ್‌ಟಿಎಸ್, ಒಇಟಿ ಥರದ ಇಂಗ್ಲಿಷ್ ಪರೀಕ್ಷೆಯ ಅಂಕ ಎರಡು ವರ್ಷಕ್ಕೆ ಸತ್ತು ಹೋಗುತ್ತೆ. ವೀಸಾಸ್ಕ್ರೀನ್ ಅನ್ನೋ ಸರ್ಟಿಫಿಕೇಟ್ ಐದು ವರ್ಷ. ಈ ವೀಸಾಸ್ಕ್ರೀನ್ ಅಂದ್ರೆ 1996ರ ವಲಸೆ ಕಾನೂನಿನಿಂದ ಬಂದಿದ್ದು, ನಿಮ್ಮ ಓದು, ಲೈಸೆನ್ಸ್, ಇಂಗ್ಲಿಷ್ ಮೂರನ್ನೂ ಮತ್ತೊಂದ್ಸಲ ನೋಡೋದು, ರಾಜ್ಯದ ಬೋರ್ಡ್ ಆಗ್ಲೇ ನೋಡಿದ್ದನ್ನೇ. ಸಾಲು ಹತ್ತು ವರ್ಷದ್ದು, ಪೇಪರ್ ಎರಡು ವರ್ಷದ್ದು ಐದು ವರ್ಷದ್ದು, ಇನ್ನೇನಾಗುತ್ತೆ? ತುಂಬಾ ಬೇಗ ಪರೀಕ್ಷೆ ಬರೆದ್ರೆ ಅವಧಿ ಮುಗಿಯುತ್ತೆ, ಕಾದು ಬರೆಯೋಣ ಅಂದ್ರೆ ಎನ್‌ಕ್ಲೆಕ್ಸ್ ಪಾಸಾಗಿರೋದನ್ನೋ ಲೈಸೆನ್ಸೋ ತೋರಿಸದೆ ಐ-140 ಹಾಕೋದು ಕಷ್ಟ, ಸಾಲಿಗೆ ನಿಲ್ಲೋಕೇ ಆಗಲ್ಲ. ಅಷ್ಟರಲ್ಲಿ ಮಕ್ಕಳು ಬೆಳೀತಾರೆ, 21 ದಾಟಿದ್ರೆ, ಕಾನೂನಲ್ಲಿ ವಯಸ್ಸು ಲೆಕ್ಕ ಹಾಕೋಕೆ ಸ್ವಲ್ಪ ರಿಯಾಯಿತಿ ಇದ್ರೂ, ಅಮ್ಮನ ಜೊತೆ ಹೋಗೋ ಹಕ್ಕೇ ಹೋಗಬಹುದು.

ಒಂದು ವಿಷಯ ಮಾತ್ರ ನರ್ಸ್‌ಗಳನ್ನ ವಿದೇಶಕ್ಕೆ ಕಳಿಸೋ ಏಜೆನ್ಸಿಗಳು ಬಾಯಿ ಬಿಟ್ಟು ಹೇಳಲ್ಲ. ಪ್ರಯಾರಿಟಿ ಡೇಟ್, ಅಂದ್ರೆ ಸಾಲಲ್ಲಿ ನಿಮ್ಮ ಜಾಗ, ಐ-140 ಒಪ್ಪಿಗೆ ಆದ್ಮೇಲೆ ಬಹುತೇಕ ನಿಮ್ಮದೇ. ಮೊದಲು ಅರ್ಜಿ ಹಾಕಿದ ಆಸ್ಪತ್ರೆ ಬಿಟ್ಟು ಬೇರೆ ಆಸ್ಪತ್ರೆ ಹೊಸ ಅರ್ಜಿ ಹಾಕಿದ್ರೂ ಹಳೇ ತಾರೀಖು ಜೊತೆಗೆ ತಗೊಂಡು ಹೋಗಬಹುದು, ಹಳೇ ಅರ್ಜಿಯಲ್ಲಿ ಮೋಸ ಗೀಸ ಇರಬಾರ್ದು ಅಷ್ಟೆ. ಇದು ಗೊತ್ತಿಲ್ದೆ, ಬಿಟ್ರೆ ಇಷ್ಟು ವರ್ಷ ಕಾದಿದ್ದು ನೀರು ಪಾಲು ಅನ್ನೋ ಭಯದಲ್ಲಿ ಕೆಟ್ಟ ಕಾಂಟ್ರ್ಯಾಕ್ಟಿಗೆ ಅಂಟ್ಕೊಂಡಿರೋರು ತುಂಬಾ ಜನ. ಅದಕ್ಕೆ ಐ-140 ಒಪ್ಪಿಗೆ ಪತ್ರದ ಕಾಪಿ ಕೇಳಿ ಇಸ್ಕೊಳ್ಳಿ, ಕೊಡಲ್ಲ ಅಂದ್ರೆ ಯಾಕೆ ಕೊಡಲ್ಲ ಅಂತ ಯೋಚ್ನೆ ಮಾಡಿ.

ಕಾಂಟ್ರ್ಯಾಕ್ಟ್ ವಿಷಯ ಬಂತಲ್ಲ, ಕಾಯೋ ಖರ್ಚನ್ನ ಯಾರು ಹೊರ್ತಾರೆ ಅನ್ನೋದು ಚೆನ್ನಾಗಿ ಕಾಣೋದು ಇಲ್ಲೇ. ಏಜೆನ್ಸಿ ಹೇಳುತ್ತೆ, ನಿಮ್ಮ ಪರೀಕ್ಷೆ ಫೀಸು, ಲಾಯರ್ ಫೀಸು, ಟಿಕೆಟ್ ಎಲ್ಲಾ ನಾವೇ ಕೊಡ್ತೀವಿ, ನೀವು ಎರಡು ಮೂರು ವರ್ಷ ನಾವು ಹೇಳಿದಲ್ಲಿ ಕೆಲಸ ಮಾಡಿ ಅಂತ. ಮೇಲ್ನೋಟಕ್ಕೆ ನ್ಯಾಯಾನೇ. ಆದ್ರೆ ಮಧ್ಯ ಬಿಟ್ಟು ಹೋದ್ರೆ ಕಟ್ಟಬೇಕಾದ ದಂಡ ಇರುತ್ತಲ್ಲ, ಅದು ಅವರು ಖರ್ಚು ಮಾಡಿದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ ಇರುತ್ತೆ. ಫಿಲಿಪೀನ್ಸ್ ನರ್ಸ್‌ಗಳು ಹಾಕಿದ ಒಂದು ಕೇಸಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್ 2019ರಲ್ಲಿ 25,000 ಡಾಲರ್ ದಂಡದ ಷರತ್ತು ನಡೆಯಲ್ಲ, ಅದು ಮಾನವ ಸಾಗಾಣಿಕೆ ತಡೆಯೋ ಕಾನೂನಿಗೇ ವಿರುದ್ಧ ಅಂತ ಹೇಳ್ತು. ಗಮನಿಸಿ, ಕಾರ್ಮಿಕ ಕಾನೂನು ಅಲ್ಲ, ಮಾನವ ಸಾಗಾಣಿಕೆಯ ಕಾನೂನು. ಬ್ರಿಟನ್‌ನಲ್ಲೂ ಇದೇ ಕಥೆ ನಡೆದು 2022ರಲ್ಲಿ ಸರ್ಕಾರ ತನ್ನ ನೇಮಕಾತಿ ನೀತಿಸಂಹಿತೆ ತಿದ್ದಿ, ವಾಪಸ್ ಕೇಳೋ ದುಡ್ಡು ನಿಜವಾದ ಖರ್ಚಿಗೆ ಹೊಂದ್ಬೇಕು, ಮುಂಚೆನೇ ಹೇಳಿರ್ಬೇಕು ಅಂತ ಸೇರಿಸ್ತು.

ಬ್ರಿಟನ್ ದಾರಿ ಉಲ್ಟಾ. ಅಲ್ಲಿ ವೀಸಾ ಬೇಗ, ಲೈಸೆನ್ಸ್ ಆಮೇಲೆ. ಎನ್‌ಎಂಸಿ ಅನ್ನೋ ಕೌನ್ಸಿಲ್ಲಿನ ಪರೀಕ್ಷೆಯ ಮೊದಲ ಭಾಗ ಸಿಬಿಟಿ, ಅದನ್ನ ನೀವಿರೋ ದೇಶದಲ್ಲೇ ಕಂಪ್ಯೂಟರಲ್ಲಿ ಬರೀಬಹುದು, ಆಮೇಲೆ ಆಸ್ಪತ್ರೆಯ ಸ್ಪಾನ್ಸರ್‌ಶಿಪ್ ಮೇಲೆ ಹೋಗಿ, ಅಲ್ಲಿ ಓಸ್ಕಿ ಅನ್ನೋ ಪ್ರಾಕ್ಟಿಕಲ್. ಕೆಲಸ ಶುರುವಾದ ಮೂರು ತಿಂಗಳೊಳಗೆ ಮೊದಲ ಸಲ ಕೂರ್ಬೇಕು, ಎಂಟು ತಿಂಗಳೊಳಗೆ ಪಾಸಾಗ್ಬೇಕು, ಇಲ್ಲಾಂದ್ರೆ ವೀಸಾಗೇ ಕುತ್ತು. ಫೀಸು 794 ಪೌಂಡ್, ಒಂದು ಅರ್ಜಿಗೆ ಮೂರೇ ಅವಕಾಶ.

ಓಸ್ಕಿಯಲ್ಲಿ ಹತ್ತು ಸ್ಟೇಷನ್, ಅಂದ್ರೆ ಒಂದೊಂದು ಕೆಲಸ ಮಾಡಿ ತೋರಿಸೋ ಹತ್ತು ಹಂತ. ನಾಲ್ಕು ಸ್ಟೇಷನ್ ಒಬ್ಬನೇ ರೋಗಿಯ ಸುತ್ತ, ಪರೀಕ್ಷಿಸೋದು, ಕೇರ್ ಪ್ಲಾನ್ ಬರೆಯೋದು, ಔಷಧಿ ಕೊಡೋದು, ಬೇರೆಯವರಿಗೆ ಒಪ್ಪಿಸೋದು, ಉಳಿದವು ಕೈಚಳಕದ್ದು ಮತ್ತು ಬರವಣಿಗೆದು. ಇಲ್ಲಿ ಫೇಲಾಗೋರು ಕೆಲಸ ಬರದೇ ಫೇಲಾಗೋದು ಕಮ್ಮಿ. ಇಪ್ಪತ್ತು ವರ್ಷ ಇಂಜೆಕ್ಷನ್ ಕೊಟ್ಟ ಕೈ ಔಷಧಿ ತಗೊಂಡು ಸೀದಾ ರೋಗಿ ಹತ್ರ ಹೋಗುತ್ತೆ, ಮೊದಲು ಕೈ ತೊಳೆದು, ಹೆಸರೇನು ಹುಟ್ಟಿದ ದಿನ ಯಾವುದು ಅಂತ ಕೇಳಿ, ಅದನ್ನ ಕೈಗೆ ಕಟ್ಟಿರೋ ಬ್ಯಾಂಡ್ ಮತ್ತು ಡ್ರಗ್ ಚಾರ್ಟ್ ಎರಡಕ್ಕೂ ಹೋಲಿಸಿ, ಅಲರ್ಜಿ ಇದೆಯಾ ಅಂತ ಬಾಯಿಬಿಟ್ಟು ಕೇಳ್ಬೇಕು, ಒಂದು ಬಿಟ್ರೂ ಕಷ್ಟ. ಚಾರ್ಟಲ್ಲಿ ಬರೆದಿದ್ದನ್ನ ಕಣ್ಣಲ್ಲಿ ನೋಡಿದ್ರೆ ಸಾಲಲ್ಲ, ನೋಡ್ತಿದೀನಿ ಅಂತ ಹೇಳ್ಬೇಕು. ಕೇರ್ ಪ್ಲಾನಲ್ಲಿ ತಪ್ಪು ಬರೆದ್ರೆ ಗೀಚಿ ಮುಚ್ಚೋ ಹಾಗಿಲ್ಲ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಇನಿಶಿಯಲ್ ಹಾಕ್ಬೇಕು. ಸಣ್ಣದು ಅನ್ಸುತ್ತೆ, ಆದ್ರೆ ರೋಗಿಗೆ ಅಪಾಯ ಆಗೋದು ಇಂಥ ಕಡೆನೇ, ಅದಕ್ಕೆ ಈ ಪರೀಕ್ಷೆ ಬಗ್ಗೆ ನನಗೆ ತಕರಾರಿಲ್ಲ. ನೈಜೀರಿಯಾದ ಇಬಾದಾನ್‌ನ ಒಂದು ಕೇಂದ್ರದಲ್ಲಿ ಸಿಬಿಟಿಗೆ ಬೇರೆಯವರು ಕೂತು ಬರೆದಿರೋ ಅನುಮಾನ 2023ರಲ್ಲಿ ಹೊರಬಿದ್ದಾಗ ಅಲ್ಲಿ ಬರೆದೋರೆಲ್ಲಾ ಮತ್ತೆ ಬರೀಬೇಕಾಗಿ ಬಂತು, ನಿಯತ್ತಾಗಿ ಬರೆದೋರೂ ಸೇರಿ. ಪರೀಕ್ಷೆ ಬಿಗಿ ಇರ್ಬೇಕು ಅನ್ನೋದಕ್ಕೆ ಅದೂ ಒಂದು ಪಾಠ, ಕೆಲವರ ತಪ್ಪಿಗೆ ಎಲ್ಲರೂ ಬೆಲೆ ಕಟ್ಟೋದಕ್ಕೂ ಅದೇ ಉದಾಹರಣೆ.

ಬ್ರಿಟನ್‌ನಲ್ಲಿ ನನ್ನ ತಕರಾರು ವೀಸಾನ ನೀರಿನ ನಲ್ಲಿ ಥರ ತಿರುಗಿಸೋದರ ಬಗ್ಗೆ. ಕೋವಿಡ್ ಹೊತ್ತಲ್ಲಿ, 2020ರ ಆಗಸ್ಟ್‌ನಲ್ಲಿ, ಹೆಲ್ತ್ ಅಂಡ್ ಕೇರ್ ವೀಸಾ ತಂದು ನಲ್ಲಿ ಪೂರ್ತಿ ತಿರುಗಿಸಿದ್ರು, ವೀಸಾ ಫೀಸು ಕಮ್ಮಿ, ಹೆಲ್ತ್ ಸರ್ಚಾರ್ಜ್ ಇಲ್ಲ, ಬನ್ನಿ ಬನ್ನಿ ಅಂತ. 2024ರ ಮಾರ್ಚಲ್ಲಿ ಕೇರ್ ವರ್ಕರ್‌ಗಳು (ಮುದುಕರನ್ನ, ಕಾಯಿಲೆಯೋರನ್ನ ನೋಡ್ಕೊಳ್ಳೋರು, ನರ್ಸ್ ಅಲ್ಲ) ಕುಟುಂಬ ತರೋ ಹಾಗಿಲ್ಲ ಅಂದ್ರು, 2025ರ ಜುಲೈನಲ್ಲಿ ಹೊರಗಿನಿಂದ ಹೊಸ ಕೇರ್ ವರ್ಕರ್‌ಗಳನ್ನ ತಗೊಳ್ಳೋದನ್ನೇ ನಿಲ್ಲಿಸಿದ್ರು. ನರ್ಸ್‌ಗಳಿಗೆ ವೀಸಾ ಇನ್ನೂ ಇದೆ, ಆದ್ರೆ ಐದು ವರ್ಷಕ್ಕೆ ಸಿಗ್ತಿದ್ದ ಖಾಯಂ ವಾಸದ ಹಕ್ಕು ಹತ್ತು ವರ್ಷ ಮಾಡೋ ಪ್ರಸ್ತಾಪ ಬಂತು, ಇನ್ನೊಂದು ಕಡೆ ಅಲ್ಲೇ ಓದಿ ಪಾಸಾದ ಹೊಸ ನರ್ಸ್‌ಗಳಿಗೇ ಕೆಲಸ ಸಿಗ್ತಿಲ್ಲ ಅನ್ನೋ ಕೂಗು. 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನಿಂದ ಬಂದು ಹೊಸದಾಗಿ ರಿಜಿಸ್ಟರ್ ಆದೋರ ಸಂಖ್ಯೆ ಹಿಂದಿನ ವರ್ಷಕ್ಕೆ ಹೋಲಿಸಿದ್ರೆ ಹೆಚ್ಚುಕಮ್ಮಿ ಅರ್ಧಕ್ಕೆ ಬಿತ್ತು. ಸಿಬಿಟಿ ಪಾಸಾಗಿ ಕೂತಿರೋರ ಯೋಗ್ಯತೆ ಏನೂ ಕಮ್ಮಿ ಆಗಿಲ್ಲ, ನಲ್ಲಿ ತಿರುಗಿಸೋ ಕೈ ಬದಲಾಯ್ತು ಅಷ್ಟೆ.

ಜರ್ಮನಿದು ಇನ್ನೊಂದು ಥರ. ಭಾಷೆನೇ ದೊಡ್ಡ ಬೆಟ್ಟ, ಬಿ2 ಮಟ್ಟದ, ಅಂದ್ರೆ ಸರಾಗವಾಗಿ ಮಾತಾಡೋ ಬರೆಯೋ ಮಟ್ಟದ ಜರ್ಮನ್ ಬೇಕು, ಕೆಲಸ ಬಿಟ್ಟೋ ನೈಟ್ ಡ್ಯೂಟಿ ಮುಗಿಸ್ಕೊಂಡೋ ಒಂದು ವರ್ಷ ಓದ್ಬೇಕು. 16 ರಾಜ್ಯಗಳಲ್ಲಿ ಎಲ್ಲಿಗೆ ಅರ್ಜಿ ಹಾಕ್ತೀರೋ ಅಲ್ಲಿನ ಕಚೇರಿ ನಿಮ್ಮ ಓದನ್ನ ತೂಗಿ, ಇಂತಿಂಥದ್ದು ಕಮ್ಮಿ ಇದೆ ಅಂತ ಒಂದು ಪತ್ರ ಕೊಡುತ್ತೆ, ಅದನ್ನ ತುಂಬಿಸೋಕೆ ಒಂದೋ ತರಬೇತಿ, ಇಲ್ಲಾ ಪರೀಕ್ಷೆ. ಅಲ್ಲಿವರೆಗೂ ನೀವು ನರ್ಸ್ ಅಲ್ಲ, ಸಹಾಯಕಿ, ಸಂಬಳಾನೂ ಅದಕ್ಕೆ ತಕ್ಕ ಹಾಗೆ. ರೋಗಿಗೆ ಸ್ನಾನ ಮಾಡ್ಸೋದು, ಊಟ ಮಾಡ್ಸೋದು ಅಲ್ಲಿ ನರ್ಸಿನ ಕೆಲಸವೇ, ಎಷ್ಟೋ ದೇಶಗಳಲ್ಲಿ ಅದನ್ನ ಮನೆಯೋರು ಮಾಡ್ತಾರೆ, ಹಾಗಾಗಿ ವೆಂಟಿಲೇಟರ್ ನೋಡ್ಕೋತಿದ್ದೋರಿಗೆ ನನ್ನ ಇಷ್ಟು ವರ್ಷದ ವಿದ್ಯೆ ಎಲ್ಲಿ ಹೋಯ್ತು ಅನ್ಸುತ್ತೆ. ಒಳ್ಳೇದು ಅಂದ್ರೆ ಜರ್ಮನ್ ಸರ್ಕಾರವೇ 2013ರಿಂದ ನಡೆಸ್ತಿರೋ ಟ್ರಿಪಲ್ ವಿನ್ ಯೋಜನೆಯಲ್ಲಿ ನರ್ಸ್ ಕೈಯಿಂದ ದುಡ್ಡು ತಗೊಳ್ಳಲ್ಲ, ಖರ್ಚು ಕೆಲಸ ಕೊಡೋರದ್ದು. ಅಂದ್ರೆ ಹೊರೆ ಆ ಕಡೆಗೆ ದಾಟಿಸೋಕೆ ಆಗುತ್ತೆ, ಆಗಲ್ಲ ಅನ್ನೋದೆಲ್ಲ ಸುಳ್ಳು.

ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಬ್ರಿಟನ್, ಐರ್ಲೆಂಡ್, ಅಮೆರಿಕ, ಸಿಂಗಾಪುರ ಥರದ ಕೆಲವು ಕಡೆ ರಿಜಿಸ್ಟರ್ ಆಗಿ 2017ರಿಂದ ಈಚೆಗೆ 1,800 ಗಂಟೆ ಕೆಲಸ ಮಾಡಿದೋರಿಗೆ ಮತ್ತೆ ಪರೀಕ್ಷೆ ಬೇಡ ಅಂತ ಮಾಡಿದೆ. ಬೇರೆಯೋರಿಗೆ ಎನ್‌ಕ್ಲೆಕ್ಸ್, ಆಮೇಲೆ ಅಡಿಲೇಡ್‌ಗೆ ಹೋಗಿ ಓಸ್ಕಿ. ಬೇರೆಡೆ ಓದಿದೋರು ಕೂಡ ಬ್ರಿಟನ್ ಪರೀಕ್ಷೆ ಪಾಸಾಗಿ ಅಲ್ಲಿ ಆ ಗಂಟೆ ಪೂರೈಸಿದ್ರೆ ಈ ದಾರಿ ಹಿಡೀಬಹುದು, ಹಾಗಾಗಿ ಬ್ರಿಟನ್ ಈಗ ಎಷ್ಟೋ ಜನಕ್ಕೆ ಮನೆಯಲ್ಲ, ಮೆಟ್ಟಿಲು. ಅಲ್ಲಿ ಬಾಗಿಲು ಬಿಗಿ ಮಾಡಿದಷ್ಟೂ ಇದ್ದೋರು ಇನ್ನೂ ಬೇಗ ಮೆಟ್ಟಿಲು ಹತ್ತಿ ಹೋಗ್ತಾರೆ.

ಕಳಿಸೋ ದೇಶಗಳ ಕಡೆಯಿಂದಾನೂ ಒಂದು ಬೀಗ ಇದೆ. ಆರೋಗ್ಯ ಸಿಬ್ಬಂದಿ ತೀರಾ ಕಮ್ಮಿ ಇರೋ ದೇಶಗಳು ಅಂತ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ 2023ರ ಪಟ್ಟಿಯಲ್ಲಿ ನೈಜೀರಿಯಾ, ಘಾನಾ, ಜಿಂಬಾಬ್ವೆ ಸೇರಿ 55 ದೇಶ ಇವೆ, ಅಲ್ಲಿಂದ ಏಜೆನ್ಸಿಗಳು ಹೋಗಿ ನರ್ಸ್‌ಗಳನ್ನ ಎಳ್ಕೊಂಡು ಬರಬಾರದು ಅನ್ನೋ ಉದ್ದೇಶ, ಯಾರಾದ್ರೂ ತಾವೇ ಅರ್ಜಿ ಹಾಕಿದ್ರೆ ತಡೆಯಲ್ಲ. ನೈಜೀರಿಯಾದ ಕೌನ್ಸಿಲ್ 2024ರ ಫೆಬ್ರವರಿಯಲ್ಲಿ ಇನ್ನೂ ಮುಂದೆ ಹೋಗಿ, ಓದಿದ್ಮೇಲೆ ಎರಡು ವರ್ಷ ಅನುಭವ ಇಲ್ದಿದ್ರೆ ಇವರು ನಮ್ಮಲ್ಲಿ ರಿಜಿಸ್ಟರ್ ಆದ ನರ್ಸ್ ಅಂತ ವಿದೇಶಕ್ಕೆ ಕಳಿಸೋ ವೆರಿಫಿಕೇಶನ್ ಪತ್ರವೇ ಕೊಡಲ್ಲ ಅಂತು, ನರ್ಸ್‌ಗಳು ಬೀದಿಗಿಳಿದ್ರು. ಅಲ್ಲಿನ ವಾರ್ಡ್ ಖಾಲಿ ಆಗ್ತಿರೋದು ಸುಳ್ಳಲ್ಲ. ಆದ್ರೆ ಸಂಬಳ ಹೆಚ್ಚಿಸೋಕೆ ಆಗದೋರು ಪತ್ರ ತಡೆಹಿಡಿದು ಉಳಿಸ್ಕೋತೀವಿ ಅನ್ನೋದು ನನಗ್ಯಾಕೋ ಸರಿ ಕಾಣಲ್ಲ.

ನನ್ನ ಫ್ರೆಂಡ್ ಈಗ ಹುಟ್ಟಿದ ದೇಶದಲ್ಲೂ ಇಲ್ಲ, ಹೋಗ್ಬೇಕು ಅನ್ಕೊಂಡ ದೇಶದಲ್ಲೂ ಇಲ್ಲ, ಮೂರನೇ ಒಂದು ದೇಶದ ಐಸಿಯುನಲ್ಲಿ ಇದ್ದಾಳೆ. ಅಲ್ಲಿ ಹ್ಯಾಂಡೋವರ್ ಇಂಗ್ಲಿಷಲ್ಲಿ, ಚಾರ್ಟ್ ಇಂಗ್ಲಿಷಲ್ಲಿ, ಡಾಕ್ಟರ್ ಜೊತೆ ಜಗಳ ಆದ್ರೂ ಇಂಗ್ಲಿಷಲ್ಲೇ. ಎನ್‌ಕ್ಲೆಕ್ಸ್ ಪಾಸಾಗಿ ಐದು ವರ್ಷ ಆಯ್ತು, ವೀಸಾಸ್ಕ್ರೀನ್ ಅವಧಿ ಮುಗೀತಾ ಬಂತು, ಅದನ್ನ ಮತ್ತೆ ಮಾಡಿಸ್ಬೇಕು ಅಂದ್ರೆ ಹಳೇ ಇಂಗ್ಲಿಷ್ ಅಂಕ ಸತ್ತು ಯಾವ ಕಾಲ ಆಯ್ತೋ. ಹೋದ ವಾರ ಫೋನ್ ಮಾಡಿದಾಗ ಮೂರನೇ ಸಲ ಒಇಟಿಗೆ ದುಡ್ಡು ಕಟ್ಟಿದೆ ಅಂದ್ಲು. ಅದರಲ್ಲಿ ಒಂದು ಭಾಗ, ರೋಗಿಯನ್ನ ಮುಂದಿನ ಆಸ್ಪತ್ರೆಗೆ ಕಳಿಸೋವಾಗ ಬರೆಯೋ ಪತ್ರ. ನಿನ್ನೆ ರಾತ್ರಿ ಶಿಫ್ಟಲ್ಲಿ ಅಂಥವು ಎರಡು ಬರೆದು ಬಂದೆ, ಈಗ ಕೂತು ಪ್ರಾಕ್ಟೀಸ್ ಮಾಡ್ತಿದೀನಿ ಅಂದ್ಲು.